ದುರ್ಗವನ್ನು ಉಳಿಸಹೊರಟವರು



ದಾವಣಗೆರೆಯನ್ನು ಬಿಟ್ಟು ಹರಿಹರದ ಕಡೆಗೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಬಂದವರಿಗೆ, ಪೇಟೆಯ ಗದ್ದಲವು ಬೆನ್ನ ಹಿಂದೆ ಅಡಗುತ್ತಿದ್ದಂತೆಯೇ, ಬಾತಿಯ ಗುಡ್ಡವೂ ಅದರ ಕೆರೆಯೂ ಎದುರಾಗುತ್ತವೆ. ಬಸ್ಸಿನಲ್ಲಿ ಹೋಗುವವರು ಇವೆರಡನ್ನೂ ಕಿಟಕಿಯಿಂದ ನೋಡಿ ಮರೆಯತಕ್ಕವರೇ. ಆದರೆ ಊರಿನವರಾದ ನಮಗೆ ಕೆರೆಯ ಸಮೀಪದ ಚಹದಂಗಡಿಯೊಂದರ ಮುಂದಿನ ಕಲ್ಲುಚಪ್ಪಡಿಯು ಹಲವು ವರ್ಷಗಳಿಂದ ಸಾಯಂಕಾಲದ ವಿದ್ವತ್ಸಭೆಯಾಗಿ ಪರಿಣಮಿಸಿದೆ. ನಿವೃತ್ತರಾದ ಮೇಷ್ಟ್ರೊಬ್ಬರು, ದಾವಣಗೆರೆಯಲ್ಲಿ ಅರಳೆಯ ವ್ಯಾಪಾರ ಮಾಡಿ ಈಗ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿರುವ ಸಾಹುಕಾರರೊಬ್ಬರು, ಹರಿಹರದ ನ್ಯಾಯಾಲಯದಲ್ಲಿ ಮೂವತ್ತು ವರ್ಷ ಕರಿಕೋಟು ಸವೆಸಿದ ವಕೀಲರೊಬ್ಬರು, ಮತ್ತು ನಾನು, ಇಷ್ಟೇ ಅದರ ಸದಸ್ಯರು. ನಡುವೆ ಹಳೆಯ ವೃತ್ತಪತ್ರಿಕೆಯ ಮೇಲೆ ಹರಡಿದ ಖಾರಮಂಡಕ್ಕಿ ಇರುತ್ತದೆ. ಅದು ಮುಗಿದ ಕ್ಷಣವೇ ಸಭೆಯ ವಿಸರ್ಜನೆ.

ಈ ಸಭೆಗೆ ಕಳೆದ ಮಳೆಗಾಲದಲ್ಲಿ ಒಂದು ಬೃಹದ್ಗ್ರಂಥವು ಬಂದಿಳಿಯಿತು. ಮೇಷ್ಟ್ರ ಸೋದರಳಿಯನು ಬೆಂಗಳೂರಿನಿಂದ ಬರುವಾಗ ರೈಲಿನಲ್ಲಿ ಓದಲೆಂದು ತಂದು, ಓದಿ ಮುಗಿಸಲಾರದೆ ಇಲ್ಲಿಯೇ ಬಿಟ್ಟುಹೋದ ಇಂಗ್ಲಿಷ್ ಕಾದಂಬರಿ ಅದು. ಪುಟಗಳು ಎಂಟುನೂರಕ್ಕೂ ಮಿಗಿಲು. ನಮ್ಮಲ್ಲಿ ಇಂಗ್ಲಿಷನ್ನು ನಿರಾಯಾಸವಾಗಿ ಓದಬಲ್ಲವರು ವಕೀಲರೊಬ್ಬರೇ ಆದ್ದರಿಂದ, ಅವರು ದಿನಕ್ಕೆ ನಲವತ್ತು ಪುಟದ ಲೆಕ್ಕದಲ್ಲಿ ಹಗಲು ಓದುವುದು, ಸಂಜೆ ಅದನ್ನು ಹರಿಕಥೆಯ ದಾಸರಂತೆ ನಮಗೆ ಹೇಳುವುದು ಎಂಬ ಏರ್ಪಾಡಾಯಿತು. ನಾನಾದರೋ ರಾತ್ರಿ ಮನೆಗೆ ಹೋಗಿ, ಊಟದ ಹೊತ್ತಿಗೆ ಅತ್ತಿಗೆಯವರಿಗೆ ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದೆನು. ಹೀಗಾಗಿ ಒಂದೇ ಪ್ರತಿಗೆ ಓದುಗರು ಒಬ್ಬರು, ಕೇಳುಗರು ನಾಲ್ವರು, ಅಭಿಪ್ರಾಯಗಳು ಮಾತ್ರ ಹತ್ತಾರು. ಅವನ್ನು ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸಬೇಕೆಂದು ಬಾನುಲಿ ನಿಲಯದವರ ಕಟ್ಟಪ್ಪಣೆಯಾಗಿದೆ.

ಆ ಕಾದಂಬರಿಯ ಹೆಸರೇ ಒಂದು ದಿನಾಂಕ: 1963ನೆಯ ಇಸವಿಯ ನವೆಂಬರ್ 22. ಅಂದು ಡಲ್ಲಾಸ್ ನಗರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರು ಗುಂಡಿಗೆ ಬಲಿಯಾದರು. ಬರೆದವರು ಸ್ಟೀಫನ್ ಕಿಂಗ್, ಪ್ರಕಟವಾದದ್ದು 2011ರಲ್ಲಿ. ಕಥೆಯ ಬೀಜವು ಅವರ ಮನಸ್ಸಿನಲ್ಲಿ ಬಿದ್ದದ್ದು ಇನ್ನೂ ಶಾಲಾಮಾಸ್ತರರಾಗಿದ್ದ 1970ರ ದಶಕದ ಆರಂಭದಲ್ಲಿಯೇ ಎಂದು ಅವರೇ ಹೇಳಿಕೊಂಡಿದ್ದಾರೆ. ಮೇನ್ ಸಂಸ್ಥಾನದ ಒಂದು ಸಣ್ಣ ಊರಿನ ಉಪಾಹಾರಗೃಹದ ಉಗ್ರಾಣದಲ್ಲಿ ಕಣ್ಣಿಗೆ ಕಾಣದ ಮೆಟ್ಟಿಲುಗಳಿವೆ. ಅವನ್ನು ಇಳಿದವನು 1958ನೆಯ ಇಸವಿಯ ಸೆಪ್ಟೆಂಬರ್ 9ರ ಮಧ್ಯಾಹ್ನದ ಹೊತ್ತಿಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ಐದು ವರ್ಷ ಬಾಳಿದರೂ, ಹತ್ತು ನಿಮಿಷ ನಿಂತರೂ, ಹಿಂದಿರುಗಿದಾಗ ಈ ಕಡೆ ಕಳೆದಿರುವುದು ಎರಡೇ ನಿಮಿಷ. ಮತ್ತೊಮ್ಮೆ ಇಳಿದರೆ ಹಿಂದಿನ ಸಲ ಮಾಡಿದ್ದೆಲ್ಲವೂ ಒರೆಸಿದ ಹಲಗೆಯಂತೆ ಅಳಿಸಿಹೋಗಿ, ಅದೇ ದಿನ, ಅದೇ ಬಿಸಿಲು, ಅದೇ ಜನ. ಜೇಕ್ ಎಪಿಂಗ್ ಎಂಬ ಉಪಾಧ್ಯಾಯನು ಈ ದಾರಿಯಿಂದ ಇಳಿದುಹೋಗಿ, ಐದು ವರ್ಷ ಕಾದು, ಪಠ್ಯಪುಸ್ತಕಗಳ ಉಗ್ರಾಣವೊಂದರ ಆರನೆಯ ಅಂತಸ್ತಿನಿಂದ ಹಾರಲಿರುವ ಗುಂಡನ್ನು ತಪ್ಪಿಸಹೊರಡುವುದೇ ಕಥೆ. ಅಧ್ಯಕ್ಷನನ್ನು ಕೊಲ್ಲುವವನಿಗೆ ಆಶ್ರಯವಾದದ್ದು ಪುಸ್ತಕದ ಉಗ್ರಾಣ, ಕಾಪಾಡುವವನಿಗೆ ದಾರಿಯಾದದ್ದು ಅಡಿಗೆಯ ಉಗ್ರಾಣ ಎಂಬುದನ್ನು ಗಮನಿಸಿದವರು ಮೇಷ್ಟ್ರು. ಇದಕ್ಕಾಗಿ ಅವರಿಗೆ ಆ ದಿನ ಎರಡನೆಯ ಚಹ ಸಂದಿತು.

ಸಾಹುಕಾರರ ಮನಸ್ಸು ಸೆರೆಯಾದದ್ದು ಬೇರೆಯೇ ಒಂದು ಸಂಗತಿಗೆ. ಆ ಉಪಾಹಾರಗೃಹದ ಯಜಮಾನನು ಗಿರಾಕಿಗಳಿಗೆ ಬೇರಾರೂ ಕೊಡಲಾರದಷ್ಟು ಅಗ್ಗದ ದರದಲ್ಲಿ ತಿಂಡಿ ಕೊಡುತ್ತಿದ್ದುದರ ಗುಟ್ಟೇನೆಂದರೆ, ಅವನು ಮೆಟ್ಟಿಲಿಳಿದುಹೋಗಿ 1958ರ ದರದಲ್ಲಿ ಮಾಂಸವನ್ನು ಕೊಂಡು ತರುತ್ತಿದ್ದನು. ಅದೂ ಪ್ರತಿಸಲವೂ ಅದೇ ಅಂಗಡಿಯ ಅದೇ ಮಾಂಸ. ಸಾಹುಕಾರರು ನಿಷ್ಠಾವಂತ ಶಾಕಾಹಾರಿಗಳು. ಆದರೂ ಅವರ ವ್ಯಾಪಾರಬುದ್ಧಿ ಒಮ್ಮೆಲೇ ಎದ್ದು ಕುಳಿತಿತು. "ಅದೇ ಮಾಲು, ಅದೇ ದರ, ದಿನಾ ಖರೀದಿ, ಸ್ಟಾಕು ಮುಗಿಯಂಗೇ ಇಲ್ಲ. ಇಂಥಾ ಮಂಡಿ ಕೈಯಾಗ ಇಟ್ಕೊಂಡು ಆ ಮನಷ್ಯಾ ಯಾರ್ನೋ ಬದುಕ್ಸಾಕ ಯಾಕ ಹೋದ್ನ್ರೀ?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರಿಂದಲೂ ಸಮಾಧಾನಕರವಾದ ಉತ್ತರ ಬರಲಿಲ್ಲ.

ಮೇಷ್ಟ್ರ ಆಕ್ಷೇಪಣೆ ಗ್ರಂಥದ ವಿಸ್ತಾರವನ್ನು ಕುರಿತದ್ದು. ನಾಯಕನು ಟೆಕ್ಸಾಸಿನ ಒಂದು ಹಳ್ಳಿಯಲ್ಲಿ ನೆಲೆಸಿ, ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತ, ಮಕ್ಕಳಿಂದ ನಾಟಕ ಆಡಿಸುತ್ತ, ಸೇಡಿ ಎಂಬ ಗ್ರಂಥಪಾಲಿಕೆಯಲ್ಲಿ ಅನುರಕ್ತನಾಗಿ ಕಳೆಯುವ ಭಾಗವು ಕಥೆಯ ಓಟಕ್ಕೆ ಅಡ್ಡ ಕಟ್ಟಿದ ಒಡ್ಡಿನಂತಿದೆಯೆಂದೂ, ತಮ್ಮ ಕೈಗೆ ಕೊಟ್ಟಿದ್ದರೆ ಮುನ್ನೂರು ಪುಟಕ್ಕೆ ಕೆಂಪು ಗೀಟು ಹಾಕುತ್ತಿದ್ದರೆಂದೂ ಅವರ ವಾದ. ವಕೀಲರು ಒಪ್ಪಲಿಲ್ಲ. ಇನ್ನೂ ಮಾಡದ ಅಪರಾಧಕ್ಕಾಗಿ ಒಬ್ಬನ ಮೇಲೆ ಕೈಮಾಡುವ ಮೊದಲು, ಆ ಅಪರಾಧವನ್ನು ಮಾಡತಕ್ಕವನು ಅವನೇ ಹೌದೆ, ಅವನೊಬ್ಬನೇ ಹೌದೆ ಎಂಬುದನ್ನು ಸಾಕ್ಷ್ಯಗಳಿಂದ ನಿಶ್ಚಯಿಸಿಕೊಳ್ಳಲು ಐದು ವರ್ಷ ತೆಗೆದುಕೊಂಡ ನಾಯಕನನ್ನು ಅವರು ಅನೇಕ ತನಿಖಾಧಿಕಾರಿಗಳಿಗಿಂತ ಮೇಲೆಂದು ಭಾವಿಸಿದರು. ನನ್ನ ಮಟ್ಟಿಗೆ, ಆ ಹಳ್ಳಿಯ ಭಾಗವೇ ಗ್ರಂಥದ ಉತ್ತಮಾಂಶ. ಏಕೆಂದರೆ ಗತಕಾಲವು ತಿದ್ದಬೇಕಾದ ಲೆಕ್ಕವಾಗಿರುವುದು ಹೊರಗಿನವನಿಗೆ. ಅಲ್ಲಿ ನಾಲ್ಕು ದಿನ ಬಾಡಿಗೆ ಕೊಟ್ಟು ವಾಸಮಾಡಿ, ನೆರೆಮನೆಯವರಿಂದ ಮಜ್ಜಿಗೆ ಕಡ ತಂದವನಿಗೆ ಅದೂ ವರ್ತಮಾನವೇ.

ಗತಕಾಲವು ತನ್ನನ್ನು ಬದಲಾಯಿಸಬಂದವನನ್ನು ಪ್ರತಿಭಟಿಸುತ್ತದೆಂಬುದು ಈ ಲೇಖಕರ ಕಲ್ಪನೆಗಳಲ್ಲಿ ಒಂದು. ಮುಖ್ಯವಾದ ಘಳಿಗೆ ಸಮೀಪಿಸಿದಾಗ ಮೋಟಾರು ಕೆಟ್ಟು ನಿಲ್ಲುತ್ತದೆ, ಹೊಟ್ಟೆನೋವು ಬರುತ್ತದೆ, ದಾರಿಗೆ ಮರ ಉರುಳುತ್ತದೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಒಂದಕ್ಷರವನ್ನು ತಿದ್ದಿಸಲು ಅಲೆದವರಿಗೆ ಇದರಲ್ಲಿ ಅಸಂಭಾವ್ಯವೇನೂ ಕಾಣದು. ನಮ್ಮ ಪುರಾಣಗಳಲ್ಲಿ ಇಂಥ ಯಾತ್ರೆಯಿಲ್ಲವೆಂದಲ್ಲ. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿರಾಜನು, ಅಲ್ಲಿ ನಡೆಯುತ್ತಿದ್ದ ಗಾನ ಮುಗಿಯಲೆಂದು ತುಸು ಕಾದನಷ್ಟೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಮರಿಮಕ್ಕಳ ಹೆಸರೂ ಉಳಿದಿರಲಿಲ್ಲ. ರೇವತಿಯನ್ನು ಬಲರಾಮನಿಗೆ ಕೊಟ್ಟಾಗ, ಹಿಂದಿನ ಯುಗದವಳಾದ ಆಕೆ ಅತಿಶಯ ಎತ್ತರವಾಗಿದ್ದುದರಿಂದ, ಅವನು ನೇಗಿಲಿನ ತುದಿಯಿಂದ ಒತ್ತಿ ತನ್ನ ಕಾಲದ ಅಳತೆಗೆ ತಂದುಕೊಂಡನಂತೆ. ಮುಂದಕ್ಕೆ ಹೋಗಲು ಪುರಾಣಕಾರರು ದಾರಿ ಬಿಟ್ಟರು. ಹಿಂದಕ್ಕೆ ಹೋಗಿ ತಿದ್ದಲು ಯಾರಿಗೂ, ಅವತಾರಪುರುಷರಿಗೂ, ಬಿಡಲಿಲ್ಲ.

ಕಾದಂಬರಿ ಮುಗಿದ ದಿನ ವಕೀಲರು ಗ್ರಂಥವನ್ನು ಚಪ್ಪಡಿಯ ಮೇಲಿಟ್ಟು, "ಇಂಥ ಮೆಟ್ಟಿಲು ನಮ್ಮ ಬಾತಿಗುಡ್ಡದ ಬುಡದಲ್ಲೇ ಇದ್ದಿದ್ದರೆ, ನೀವು ಯಾವ ದಿನಕ್ಕೆ ಇಳಿಯುತ್ತಿದ್ದಿರಿ?" ಎಂದು ಕೇಳಿದರು. ಉತ್ತರಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. "ದುರ್ಗ ಬಿದ್ದ ದಿನಕ್ಕೆ," ಎಂದರು ಮೇಷ್ಟ್ರು. "ಮತ್ತ ಇನ್ನೆಲ್ಲಿಗ್ರೀ?" ಎಂದರು ಸಾಹುಕಾರರು.

ಈ ಸೀಮೆಯಲ್ಲಿ ಅದು ಆಶ್ಚರ್ಯದ ಉತ್ತರವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ನಾವು ಚಿತ್ರದುರ್ಗದವರೇ. 1754ರಲ್ಲಿ, ಇನ್ನೂ ಬಾಲ್ಯದಲ್ಲಿದ್ದಾಗಲೇ, ಪಟ್ಟವೇರಿದ ಮದಕರಿನಾಯಕನು ಹೈದರಾಲಿಯ ಮುತ್ತಿಗೆಗಳನ್ನು ಮತ್ತೆ ಮತ್ತೆ ಎದುರಿಸಿದ್ದು, ಓಬವ್ವನು ಕಿಂಡಿಯ ಬಳಿ ಒನಕೆ ಹಿಡಿದು ನಿಂತದ್ದು, 1779ರಲ್ಲಿ ಒಳಗಿನವರ ದ್ರೋಹದಿಂದ ಏಳುಸುತ್ತಿನ ಕೋಟೆ ಶತ್ರುವಶವಾದದ್ದು, ಇವೆಲ್ಲವೂ ಇಲ್ಲಿನ ಮಕ್ಕಳಿಗೆ ಪಾಠಪುಸ್ತಕಕ್ಕಿಂತ ಮೊದಲೇ ಅಜ್ಜಿಯರ ಬಾಯಿಂದ ತಿಳಿದಿರುತ್ತವೆ. ಆದರೆ ಈ ಇತಿಹಾಸವನ್ನು ಕೇಳಿಕೆಯ ಮಟ್ಟದಿಂದ ಎತ್ತಿ, ಓದುವವರೆಲ್ಲರ ಖಾಸಗಿ ದುಃಖವನ್ನಾಗಿ ಮಾಡಿದವರು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ 1920ರ ಏಪ್ರಿಲ್ 21ರಂದು ಹುಟ್ಟಿದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು; ಕನ್ನಡಿಗರೆಲ್ಲರ ಬಾಯಲ್ಲಿ ತ.ರಾ.ಸು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರರಿಂದಲೂ, ಬಳಿಕ ಬಂದ 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ'ಗಳಿಂದಲೂ ದುರ್ಗದ ಉದಯವನ್ನೂ ಮಧ್ಯಾಹ್ನವನ್ನೂ ಕಂಡ ಅವರು, 'ದುರ್ಗಾಸ್ತಮಾನ'ದಲ್ಲಿ ಅದರ ಸಂಜೆಯನ್ನು ಬರೆದರು. 1984ರಲ್ಲಿ ಅವರು ತೀರಿಕೊಂಡರು. ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ.

ಕಾಲಯಂತ್ರವಿಲ್ಲದೆಯೇ ನಮ್ಮ ಓದುಗರು ಇತಿಹಾಸವನ್ನು ಬದಲಾಯಿಸಲು ಹವಣಿಸುವ ಬಗೆಯನ್ನು ನಾನು ಕಣ್ಣಾರೆ ಕಂಡದ್ದು ಈ ಗ್ರಂಥದ ಒಂದು ಪ್ರತಿಯಲ್ಲಿ. ದಾವಣಗೆರೆಯ ಗ್ರಂಥಾಲಯವೊಂದರಿಂದ ಅದನ್ನು ಮತ್ತೊಮ್ಮೆ ಓದಲೆಂದು ತಂದಿದ್ದೆನು. ರಟ್ಟು ಕಿತ್ತು, ದಾರ ಸಡಿಲಿ, ಬೆನ್ನಿಗೆ ಯಾರೋ ಕಂದು ಕಾಗದ ಅಂಟಿಸಿದ್ದ ಪ್ರತಿ. ಮೇಜಿನ ಮೇಲೆ ಅಡ್ಡಲಾಗಿ ಇಟ್ಟು ಅಂಚನ್ನು ನೋಡಿದಾಗ ಒಂದು ವಿಚಿತ್ರ ಕಾಣಿಸಿತು: ಮೊದಲಿನ ಬಹುಭಾಗದ ಪುಟಗಳ ಅಂಚು ನೂರಾರು ಹೆಬ್ಬೆರಳುಗಳ ಬೆವರಿನಿಂದ ಮಾಸಿ ಅಡಿಕೆಬಣ್ಣಕ್ಕೆ ತಿರುಗಿದೆ, ಕೊನೆಯ ಒಂದು ಬೆರಳಗಲವು ಮಾತ್ರ ಅಂಗಡಿಯಿಂದ ಆಗತಾನೆ ತಂದಂತೆ ಬೆಳ್ಳಗಿದೆ. ಓದಿದವರು ಅಲ್ಲಿಯವರೆಗೆ ಬಂದು, ಮುಂದೆ ಏನಾಗುವುದೆಂಬುದು ರಕ್ಷಾಪುಟದ ಹೆಸರಿನಲ್ಲಿಯೇ ಇರುವುದರಿಂದ, ಪುಸ್ತಕವನ್ನು ಮುಚ್ಚಿ ಹಿಂದಿರುಗಿಸಿದ್ದಾರೆ. ಅವರು ಮುಚ್ಚಿದ ಪುಟದಲ್ಲಿ ಮದಕರಿಯಿನ್ನೂ ಗದ್ದುಗೆಯ ಮೇಲಿದ್ದಾನೆ. ಕೋಟೆಯ ಬಾಗಿಲು ಇನ್ನೂ ಭದ್ರವಾಗಿದೆ. ಒಂದೆಡೆ ಅಂಚಿನಲ್ಲಿ ಸೀಸದಕಡ್ಡಿಯಿಂದ ಯಾವನೋ ಮಹಾನುಭಾವನು, ನಾಯಕನಿಗೇ ಓಲೆ ಬರೆಯುವವನಂತೆ, ಇವರನ್ನು ನಂಬಬೇಡಿ ಎಂದು ಬರೆದಿದ್ದಾನೆ. ಎಚ್ಚರಿಕೆ ಇನ್ನೂರು ವರ್ಷ ತಡವಾಗಿ ತಲಪಿತೆಂಬುದಷ್ಟೇ ಅದರ ದೋಷ.

ಇದನ್ನು ಕಂಡಾಗ ನನಗೆ ಬಾಲ್ಯದ ಒಂದು ರಾತ್ರಿ ನೆನಪಾಯಿತು. ಊರಿನ ಗುಡಿಯ ಪ್ರಾಂಗಣದಲ್ಲಿ ಗಮಕಿಗಳು ಭಾರತವನ್ನು ವಾಚಿಸುತ್ತಿದ್ದರು. ಅಂದು ಅಭಿಮನ್ಯುವಿನ ಪ್ರಸಂಗ. ಬಾಲಕನು ಚಕ್ರವ್ಯೂಹವನ್ನು ಹೊಕ್ಕಿದ್ದಾನೆ, ಬಿಲ್ಲು ಮುರಿದಿದೆ, ರಥವಿಲ್ಲ. ಆಗ ಕಂಬಕ್ಕೆ ಒರಗಿ ಕುಳಿತಿದ್ದ ಒಬ್ಬ ಮುದುಕಿ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ, ಗಟ್ಟಿಯಾಗಿ ಹೇಳಿದಳು: "ಇವತ್ತಿಗೆ ನಿಲ್ಸ್ರೀ ಸ್ವಾಮಿ. ಇವತ್ತೊಂದಿನ ಬದುಕ್ಲಿ ಬಿಡ್ರಿ ಹುಡುಗ. ನಾಳಿ ಓದಿದ್ರಾತು." ಯಾರೂ ನಗಲಿಲ್ಲ. ಗಮಕಿಗಳು ಒಂದು ಕ್ಷಣ ಸುಮ್ಮನಿದ್ದು, ಪುಸ್ತಕವನ್ನು ಮುಚ್ಚಿ, ಮಂಗಳ ಹಾಡಿದರು. ಅಭಿಮನ್ಯುವು ಬಾತಿಯಲ್ಲಿ ಒಂದು ದಿನ ಹೆಚ್ಚು ಬದುಕಿದನು.

ಆದ್ದರಿಂದ ದುರ್ಗವನ್ನು ಉಳಿಸುವ ಯೋಜನೆಯು ನಮ್ಮ ಚಪ್ಪಡಿಯ ಮೇಲೆ ಮೂರು ಸಂಜೆ ನಡೆಯಿತು. ಒಳದ್ರೋಹವನ್ನು ಮೊದಲೇ ನಾಯಕನ ಕಿವಿಗೆ ಹಾಕುವುದು ಮೇಷ್ಟ್ರ ಪಾಲಿಗೆ, ದವಸದ ಸರಬರಾಜು ಸಾಹುಕಾರರ ಪಾಲಿಗೆ, ಮರಾಠರೊಡನೆ ಕೌಲು ಬರೆಯುವುದು ವಕೀಲರ ಪಾಲಿಗೆ. ನಾಲ್ಕನೆಯ ಸಂಜೆ ನಾನು ಬಿ. ಎಲ್. ರೈಸರ ಮೈಸೂರು ಗೆಜೆಟಿಯರನ್ನು ಕಂಕುಳಲ್ಲಿಟ್ಟುಕೊಂಡು ಹೋದೆನು. ಹೋಗಬಾರದಿತ್ತೆಂದು ಈಗಲೂ ಕೆಲವೊಮ್ಮೆ ಅನ್ನಿಸುತ್ತದೆ.

ರೈಸರು ನಮ್ಮ ದಾವಣಗೆರೆಯ ಬಗ್ಗೆ ಹೇಳುವುದು ನಾಲ್ಕಾರು ಸಾಲು ಮಾತ್ರ. ಅದು ಮೊದಲು ಬೇತೂರಿಗೆ ಸೇರಿದ ಅಪ್ರಸಿದ್ಧವಾದ ಒಂದು ಹಳ್ಳಿಯಾಗಿತ್ತು; ಹೈದರಾಲಿಯು ಅದನ್ನು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು; ಆ ಸರದಾರನು ವರ್ತಕರನ್ನು ಕರೆಸಿ ನೆಲೆಗೊಳಿಸಿದನು; ಅವನು ನಿಸ್ಸಂತಾನನಾಗಿ ಗತಿಸಿದರೂ ಪೇಟೆ ಬೆಳೆಯುತ್ತಲೇ ಹೋಯಿತು. ಮಲೆನಾಡಿನ ಅಡಿಕೆ ಮೆಣಸುಗಳು ಇಲ್ಲಿಂದ ವಾಲಾಜಾಪೇಟೆಗೆ ಹೋಗುವುದು, ಮದ್ರಾಸಿನ ರೇವಿಗೆ ಬಂದಿಳಿದ ಸರಕು ಅಲ್ಲಿಂದ ಇಲ್ಲಿಗೆ ಬರುವುದು, ಇಲ್ಲಿನ ಕಂಬಳಿಗೆ ದೂರದೂರದಲ್ಲಿ ಹೆಸರು. ಹತ್ತಿಯ ಗಿರಣಿಗಳು ಎದ್ದು, ಕರ್ನಾಟಕದ ಮ್ಯಾಂಚೆಸ್ಟರೆಂಬ ಬಿರುದು ಬಂದದ್ದು ಆ ಪೇಟೆಯ ಮೇಲೆಯೇ.

ನಾನು ಓದಿ ಮುಗಿಸಿದಾಗ ಸಾಹುಕಾರರ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗಲಿಲ್ಲ. ದುರ್ಗವು ಉಳಿದರೆ ಈ ಸೀಮೆಯಲ್ಲಿ ಹೈದರನ ಅಧಿಕಾರವು ನೆಲೆಯೂರುವ ಬಗೆ ಹೇಗೆ? ಅವನ ಸರದಾರನ ಜಹಗೀರು ಬಾಳುವ ಬಗೆ ಹೇಗೆ? ಜಹಗೀರಿಲ್ಲದೆ ಪೇಟೆಯೆಲ್ಲಿ, ಪೇಟೆಯಿಲ್ಲದೆ ಅರಳೆಯ ಅಂಗಡಿಯೆಲ್ಲಿ? ವಕೀಲರು ಪ್ರತಿವಾದ ಹೂಡಿದರು: ಮಲೆನಾಡಿಗೂ ಬಯಲುಸೀಮೆಗೂ ನಡುವೆ ದಾರಿಯಿರುವ ಕಡೆಯಲ್ಲಿ ಯಾರಾದರೂ ಒಬ್ಬರು ಪೇಟೆಯನ್ನು ಕಟ್ಟಿಯೇ ಕಟ್ಟುತ್ತಿದ್ದರು, ಊರುಗಳನ್ನು ಮಾಡುವುದು ದಾರಿಯೇ ಹೊರತು ಸರದಾರರಲ್ಲ ಎಂದು. ಅದಕ್ಕೆ ಸಾಹುಕಾರರು, "ದಾರಿ ಇದ್ರ ಸಾಲಂಗಿಲ್ರೀ ವಕೀಲ್ರೇ. ಮಾಲು ಇಳಿಸಿದವಗ ರಾತ್ರಿ ನಿದ್ದಿ ಬರಬೇಕಲ್ಲ, ಅದಕ್ಕೊಬ್ಬ ಧಣಿ ಬೇಕು," ಎಂದರು. ಪೇಟೆಯು ಬೇತೂರಿನಲ್ಲಿಯೇ ಎದ್ದಿದ್ದರೆ ಈಗ ನಾಡೆಲ್ಲ ಬೇತೂರು ಬೆಣ್ಣೆದೋಸೆಯನ್ನು ತಿನ್ನುತ್ತಿತ್ತೆಂದು ಮೇಷ್ಟ್ರು ತಮಾಷೆ ಮಾಡಿದರೂ, ನಗು ಎಂದಿನಂತೆ ಬರಲಿಲ್ಲ.

ಹಾಗೆಂದ ಮಾತ್ರಕ್ಕೆ ದುರ್ಗದ ಪತನವು ನಮಗೆ ಲಾಭವಾಯಿತೆಂದು ಖಾತೆಯಲ್ಲಿ ಜಮಾ ಬರೆಯಬಹುದೆ? ಅದೇ ಗೆಜೆಟಿಯರಿನ ಇನ್ನೊಂದು ಪುಟವು, ಕೋಟೆ ಬಿದ್ದ ತರುವಾಯ ದುರ್ಗದ ಸೀಮೆಯ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಅಟ್ಟಿದರೆಂದೂ, ಅವರ ಗಂಡುಮಕ್ಕಳನ್ನು ಆರಿಸಿ ಚೇಲಾ ಎಂಬ ಪಡೆಗಳನ್ನು ಮಾಡಿದರೆಂದೂ ಹೇಳುತ್ತದೆ. ಇದನ್ನೂ ಓದಿದೆನು. ಸಾಹುಕಾರರು ಬಹಳ ಹೊತ್ತು ಕೆರೆಯ ಕಡೆ ನೋಡುತ್ತಿದ್ದು, "ಇದು ತಕ್ಕಡ್ಯಾಗ ತೂಗೋ ಮಾಲಲ್ರೀ," ಎಂದು ಎದ್ದರು. ಅಂದು ಮಂಡಕ್ಕಿ ಮಿಕ್ಕಿತು.

ಅಮೆರಿಕದ ಕಾದಂಬರಿಕಾರರ ಮೇಲೆ ನನಗಿರುವ ದೂರೂ ಇಲ್ಲಿಯೇ ಇದೆ. ಕೆನೆಡಿಯವರು ಉಳಿದ ಲೋಕವು ಹೇಗಾಯಿತೆಂಬುದನ್ನು ತೋರಿಸಲು ಅವರು ಅಣುಬಾಂಬುಗಳನ್ನೂ ಭೂಕಂಪಗಳನ್ನೂ ಕರೆಸುತ್ತಾರೆ, ಭೂಮಿಯೇ ಬಿರಿಯುತ್ತದೆ. ಇಷ್ಟು ಗದ್ದಲ ಬೇಕಿರಲಿಲ್ಲ. ಎಂಟುನೂರು ಪುಟ ನಿಧಾನವಾಗಿ ನಡೆದವರು ಆ ಒಂದು ಅಧ್ಯಾಯದಲ್ಲಿ ಓಡಿದ್ದಾರೆ. ಅದೇ ಗ್ರಂಥದ ಮೊದಲ ಭಾಗದಲ್ಲಿ, ಬಹುಮಂದಿ ಓದುಗರು ಮುಂದಿನ ಸಂಭ್ರಮದಲ್ಲಿ ಮರೆತುಬಿಡುವ ಒಂದು ಸಣ್ಣ ಸಂಗತಿಯಿದೆ. ಹ್ಯಾರಿ ಎಂಬುವನು ಶಾಲೆಯ ಜಾಡಮಾಲಿ. ಬಾಲ್ಯದಲ್ಲಿ ಕುಡುಕ ತಂದೆಯು ಸುತ್ತಿಗೆಯಿಂದ ಮನೆಯವರನ್ನೆಲ್ಲ ಕೊಂದ ರಾತ್ರಿ ಇವನೊಬ್ಬನೇ ಕುಂಟನಾಗಿ ಉಳಿದವನು. ನಾಯಕನು ಹಿಂದಕ್ಕೆ ಹೋಗಿ ಆ ರಾತ್ರಿಯನ್ನು ತಪ್ಪಿಸುತ್ತಾನೆ; ಹಿಂದಿರುಗಿ ವಿಚಾರಿಸಿದರೆ, ಕಾಲು ನೆಟ್ಟಗಿದ್ದ ಹ್ಯಾರಿಯನ್ನು ಸೈನ್ಯಕ್ಕೆ ಸೇರಿಸಿಕೊಂಡು, ಅವನು ವಿಯಟ್ನಾಮಿನ ಯುದ್ಧದಲ್ಲಿ ಮಡಿದಿದ್ದಾನೆ. ಕುಂಟುಕಾಲೇ ಅವನ ಆಯುಸ್ಸಾಗಿತ್ತು. ಈ ನಾಲ್ಕು ಪುಟಗಳಿಗಾಗಿ ನಾನು ಆ ಭೂಕಂಪಗಳನ್ನೆಲ್ಲ ಬಿಟ್ಟುಕೊಡಬಲ್ಲೆನು.

ಅತ್ತಿಗೆಯವರ ಅಭಿಪ್ರಾಯವನ್ನು ಹೇಳದಿದ್ದರೆ ಅನ್ಯಾಯವಾದೀತು. ಅಧ್ಯಕ್ಷನನ್ನು ಉಳಿಸುವ ಯತ್ನದಲ್ಲಿ ಸೇಡಿಯು ಗುಂಡು ತಗುಲಿ ಸತ್ತಳೆಂದು ಹೇಳಿದ ರಾತ್ರಿ ಅವರು ಸಾರಿನ ಸೌಟನ್ನು ಪಾತ್ರೆಯಲ್ಲಿಯೇ ಬಿಟ್ಟು, "ಮನಿ ಹೆಣ್ಣುಮಗಳ್ನ ಕಳ್ಕೊಂಡು ಊರ ದೊರೀನ ಬದುಕಿಸ್ಕೊಂಡ್ರ ಏನ್ ಬಂತಪಾ?" ಎಂದರು. ನಾಯಕನು ಕಡೆಗೆ ಎಲ್ಲವನ್ನೂ ಅಳಿಸಿ, ದೊರೆಯನ್ನು ಅವನ ವಿಧಿಗೆ ಬಿಟ್ಟು, ಎಲ್ಲಿಯೋ ತನ್ನ ಗುರುತೇ ಇಲ್ಲದೆ ಬಾಳಿ ಮುದುಕಿಯಾಗಿರುವ ಆ ಸೇಡಿಯೊಡನೆ ಒಂದು ಸಲ ಕುಣಿದು ಬರುತ್ತಾನೆಂದು ಮುಂದೆ ತಿಳಿದಾಗ, "ಈಗ ಬುದ್ಧಿ ಬಂತು," ಎಂದು ಸೌಟನ್ನು ಮತ್ತೆ ಎತ್ತಿಕೊಂಡರು. ಆ ಮುಕ್ತಾಯವನ್ನು ಲೇಖಕರಿಗೆ ಸೂಚಿಸಿದವರು ಅವರ ಮಗನಂತೆ. ಮನೆಯವರ ಮಾತು ಕೇಳಿದ್ದರಿಂದ ಅವರಿಗೇನೂ ನಷ್ಟವಾಗಿಲ್ಲ.

ನನ್ನ ಸಮಯ ಮುಗಿಯುತ್ತ ಬಂತು. ಮಲೆಬೆನ್ನೂರಿನಲ್ಲಿ ಹುಟ್ಟಿದವರ ಗ್ರಂಥವೇ ಈ ಎರಡರಲ್ಲಿ ಕಠಿನವಾದದ್ದೆಂಬುದು ನನ್ನ ನಿರ್ಣಯ. ಅಲ್ಲಿ ಉಗ್ರಾಣದ ಮೆಟ್ಟಿಲಿಲ್ಲ, ಎರಡನೆಯ ಅವಕಾಶವಿಲ್ಲ; ರಕ್ಷಾಪುಟದಲ್ಲಿಯೇ ಸೂರ್ಯನು ಮುಳುಗಿದ್ದಾನೆ, ಆದರೂ ಓದುಗನು ಮೊದಲ ಪುಟದಿಂದ ಬೆಳಗಾದೀತೆಂದು ಕಾಯುತ್ತಾನೆ. ಗ್ರಂಥಾಲಯದ ಆ ಪ್ರತಿಯನ್ನು ನಾನು ಕಳೆದ ವಾರ, ಕೊನೆಯ ಪುಟದವರೆಗೂ ಓದಿ, ಹಿಂದಿರುಗಿಸಿದ್ದೇನೆ. ಇದನ್ನು ಕೇಳುತ್ತಿರುವ ದಾವಣಗೆರೆಯ ಓದುಗರಲ್ಲಿ ಯಾರಾದರೂ ಅದನ್ನು ಮನೆಗೆ ಒಯ್ಯುವುದಾದರೆ, ದಯಮಾಡಿ ಆ ಬಿಳಿಯ ಬೆರಳಗಲವನ್ನೂ ತಮ್ಮ ಹೆಬ್ಬೆರಳಿನಿಂದ ಸ್ವಲ್ಪ ಮಾಸಿಸಿಕೊಡಬೇಕೆಂದು ಪ್ರಾರ್ಥನೆ.